ಅಕ್ಕನ ಊರಿನ ಪಂಕ್ಚರ್

ಬೀದರಿನ ನಮ್ಮ ಕೊರಿಯರ್ ಗೋದಾಮಿಗೆ ಸ್ಕ್ಯಾನರುಗಳು ಬಂದ ದಿನ ನಮ್ಮ ಮ್ಯಾನೇಜರ್ ಮೇಡಮ್ ಅವುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ತೆಂಗಿನಕಾಯಿ ಒಡೆದರು. ಕಾಯಿಯ ನೀರು ಸಿಡಿದು ತುದಿಯಲ್ಲಿದ್ದ ಒಂದು ಯಂತ್ರ ಅಲ್ಲೇ ಕಣ್ಣು ಮುಚ್ಚಿತು. ನನಗೆ ಒಳಗೊಳಗೇ ಹಿಗ್ಗು. ಸತ್ತದ್ದು ನನ್ನ ಪಾಲಿನದೇ ಆಗಿರಲಿ ಎಂದು ಬೇಡಿಕೊಂಡೆ. ದೇವರು ಅಷ್ಟು ಸುಲಭಕ್ಕೆ ನನ್ನ ಮಾತು ಕೇಳಿದವನಲ್ಲ. ಸತ್ತದ್ದು ಬಸವಕಲ್ಯಾಣದ ಕಡೆ ಹೋಗುವವನದು. ನನ್ನದು ಗಟ್ಟಿಮುಟ್ಟಾಗಿ, ಹಣೆಗೆ ಕುಂಕುಮ ಇಟ್ಟುಕೊಂಡು ನನ್ನ ಕೈಗೆ ಬಂತು.

ನಾನು ಔರಾದ ಮಾರ್ಗದ ಡ್ರೈವರ್. ಬೆಳಿಗ್ಗೆ ಬೀದರಿನಲ್ಲಿ ಪಾರ್ಸಲ್ ತುಂಬಿಕೊಂಡು, ಸಂತಪುರ ದಾಟಿ, ಔರಾದ ಪೇಟೆಯಲ್ಲಿ ಅರ್ಧ ಇಳಿಸಿ, ಉಳಿದದ್ದನ್ನು ಡಾಬಕಾ ಕಡೆಯ ಹಳ್ಳಿಗಳಿಗೆ ಹಂಚಿ ಸಂಜೆ ಮರಳುವುದು ಕೆಲಸ. ಗಾಡಿ ಕಂಪನಿಯದು, ಬೆನ್ನುನೋವು ನನ್ನದು. ರೈಲು ಇಲ್ಲದ ತಾಲೂಕು ಅದು. ಬಸ್ಸು ತರದ್ದನ್ನೆಲ್ಲ ನಾನು ತರುತ್ತಿದ್ದೆ. ಮೊಬೈಲ್ ಕವರು, ಮದುವೆಯ ಸೀರೆ, ಔಷಧಿ ಹೊಡೆಯುವ ಪಂಪಿನ ವಾಷರು, ಮುಖ ಬೆಳ್ಳಗಾಗುವ ಕ್ರೀಮು. ಯಾರ ಮನೆಗೆ ಏನು ಬರುತ್ತದೆ ಎಂಬುದು ನನಗೆ ಗೊತ್ತಿರುತ್ತಿತ್ತು. ಕ್ರೀಮು ಕೆಲಸ ಮಾಡಿಲ್ಲ ಎಂಬುದೂ ಗೊತ್ತಿರುತ್ತಿತ್ತು, ಆದರೆ ಬಾಯಿ ಬಿಡುತ್ತಿರಲಿಲ್ಲ.

ಅಲ್ಲಿಯವರೆಗೆ ನಮ್ಮಲ್ಲಿ ಹಾಳೆಯ ಆಳ್ವಿಕೆ. ರಟ್ಟಿಗೆ ಕ್ಲಿಪ್ಪು ಹಾಕಿದ ಉದ್ದನೆಯ ಹಾಳೆ. ಎಡಕ್ಕೆ ಹೆಸರು, ನಡುವೆ ಊರು, ಬಲಕ್ಕೆ ಸಹಿ, ಕಟ್ಟಕಡೆಗೆ ಷರಾ ಬರೆಯಲು ಬೆರಳಗಲದ ಜಾಗ. ಆ ಬೆರಳಗಲದ ಜಾಗದಲ್ಲಿ ನಾನು ಸಂಸಾರ ಮಾಡಿದ್ದೇನೆ. 'ಮನೆಗೆ ಬೀಗ, ಗಿರಣಿಯಲ್ಲಿ ಕೊಟ್ಟೆ' ಎಂದು ಬರೆಯುತ್ತಿದ್ದೆ. 'ಹೊಲದಲ್ಲಿದ್ದರು, ಬದುವಿನ ಮೇಲೆ ಕೊಟ್ಟೆ' ಎಂದು ಬರೆಯುತ್ತಿದ್ದೆ. ಒಮ್ಮೆ 'ಗಂಡನಿಗೆ ಹೇಳಬಾರದಂತೆ' ಎಂದೂ ಬರೆದಿದ್ದೆ. ಸಮಯ ಬರೆಯುವ ಕಾಲಂ ಒಂದಿತ್ತು. ಅದನ್ನು ಸಂಜೆ ಗೋದಾಮಿನ ಎದುರು ಗಾಡಿ ನಿಲ್ಲಿಸಿ, ಚಹಾ ಕುಡಿಯುತ್ತ, ಒಂದೇ ಕೈಯಲ್ಲಿ ಮೇಲಿನಿಂದ ಕೆಳಗಿನವರೆಗೆ ತುಂಬುತ್ತಿದ್ದೆ. ನನ್ನ ಹಾಳೆಯ ಪ್ರಕಾರ ಔರಾದ ತಾಲೂಕಿನ ಜನರೆಲ್ಲ ತಂತಮ್ಮ ಪಾರ್ಸಲನ್ನು ಮಧ್ಯಾಹ್ನ ನಾಲ್ಕು ಗಂಟೆಗೇ ಪಡೆಯುತ್ತಿದ್ದರು. ಇದು ಹ್ಯಾಗೆ ಎಂದು ಒಬ್ಬರೂ ಕೇಳಲಿಲ್ಲ. ಹಾಳೆಯದು ಅಷ್ಟು ದೊಡ್ಡ ಮನಸ್ಸು.

ನನಗೆ ತದ್ವಿರುದ್ಧ ನನ್ನ ಜೋಡಿದಾರ, ಭಾಲ್ಕಿ ಮಾರ್ಗದ ಭಾಯಿ. ಇಬ್ಬರೂ ಒಂದೇ ಸಲ ಕೆಲಸಕ್ಕೆ ಸೇರಿದವರು. ಬೀದರಿನ ಹಳೇ ಊರಿನ ಓಣಿಯವನು, ಮನೆಯಲ್ಲಿ ದಖನಿ, ನನ್ನ ಜೊತೆ ಕನ್ನಡ, ಗಾಡಿ ಕೆಟ್ಟಾಗ ಎರಡೂ. ಸ್ಕ್ಯಾನರ್ ಸಿಕ್ಕ ದಿನವೇ ಅದಕ್ಕೆ ರಬ್ಬರಿನ ಕವಚ, ಕೊರಳಿಗೆ ಹಾಕಿಕೊಳ್ಳುವ ಪಟ್ಟಿ ಎಲ್ಲ ಕೊಂಡು ತಂದ. ಹೊಸ ಮದುಮಗಳನ್ನು ಕರೆದುಕೊಂಡು ತಿರುಗುವವನ ಹಾಗೆ ಭಾಲ್ಕಿಯಿಂದ ಸಾಯಗಾಂವದವರೆಗೆ ಅದನ್ನು ಎದೆಗೆ ಒತ್ತಿಕೊಂಡು ತಿರುಗಿದ.

ಬೆಳಿಗ್ಗೆ ಗೋದಾಮಿನ ಎದುರಿನ ಚಹಾದಂಗಡಿಯಲ್ಲಿ ನಮ್ಮ ವಾದ ದಿನವೂ ಇದ್ದದ್ದೇ. ನಾನು ಹೇಳುತ್ತಿದ್ದೆ: ಹಾಳೆಗೆ ಚಾರ್ಜು ಮಾಡಬೇಕಾಗಿಲ್ಲ, ಗಡಿಯ ಹತ್ತಿರ ಹೋದರೆ ಅದು ಮಹಾರಾಷ್ಟ್ರದ ನೆಟ್‌ವರ್ಕ್ ಹಿಡಿದು ಮರಾಠಿಯಲ್ಲಿ ಸ್ವಾಗತ ಕೋರುವುದಿಲ್ಲ, ಅಜ್ಜಿಯ ಬಳಿ ಓಟಿಪಿ ಕೇಳು ಎಂದು ಹಟ ಹಿಡಿಯುವುದಿಲ್ಲ. ಅವನು ಹೇಳುತ್ತಿದ್ದ: ಹಾಳೆ ಮಳೆಯಲ್ಲಿ ನೆನೆಯುತ್ತದೆ, ಗಾಳಿಗೆ ಹಾರುತ್ತದೆ, ಅದರ ಮೇಲಿನ ಸಹಿಗಳೆಲ್ಲ ಕೋಳಿ ಕೆದರಿದ ಹಾಗಿರುತ್ತವೆ. ಮೂರನೆಯವನಾದ ಚಹಾದವನು ಇಬ್ಬರ ಮಾತಿಗೂ ತಲೆಯಾಡಿಸಿ ಇಬ್ಬರಿಗೂ ಇನ್ನೊಂದು ಅರ್ಧ ಚಹಾ ಇಡುತ್ತಿದ್ದ. ಆ ವಾದದಲ್ಲಿ ಗೆದ್ದವನು ಅವನೊಬ್ಬನೇ.

ಭಾಯಿಯ ಪಕ್ಷಕ್ಕೆ ಒಂದು ಕಾರಣವಿತ್ತು, ಅದನ್ನು ನಾನು ಅಲ್ಲಗಳೆಯಲಾರೆ. ಹಿಂದೆ ಭಾಲ್ಕಿಯ ಒಬ್ಬ ಅಂಗಡಿಕಾರ ತನಗೆ ಪಾರ್ಸಲ್ ಬಂದೇ ಇಲ್ಲ ಎಂದು ದೂರು ಕೊಟ್ಟಿದ್ದ. ಹಾಳೆಯ ಮೇಲೆ ಸಹಿ ಇತ್ತು, ಆದರೆ ಅದು ಯಾರ ಸಹಿಯೂ ಆಗಬಹುದಾಗಿತ್ತು. ಆಗಿನ ಮ್ಯಾನೇಜರು ಅಂಗಡಿಕಾರನನ್ನು ನಂಬಿದರು. ಭಾಯಿ ಎಷ್ಟೋ ದಿನ ತಲೆ ತಗ್ಗಿಸಿಕೊಂಡು ಓಡಾಡಿದ. ಕೊನೆಗೆ ಪಾರ್ಸಲ್ ಅದೇ ಅಂಗಡಿಯ ಅಟ್ಟದ ಮೇಲೆ ಸಿಕ್ಕಿತು. ತಪ್ಪಾಯಿತು ಅನ್ನಲು ಮಾತ್ರ ಯಾರಿಗೂ ಪುರುಸೊತ್ತು ಸಿಗಲಿಲ್ಲ.

"ಅವತ್ತು ನಿನ್ನ ಹಾಳಿ ನನ್ನ ಕಡಿಂದ ಒಂದ್ ಮಾತ್ ಆಡ್ಲಿಲ್ಲಪಾ," ಎಂದ ಒಮ್ಮೆ, ನಗದೆ. "ಇದು ಆಡ್ತದ. ಫೋಟೋ ತೋರಸ್ತದ, ಜಾಗಾ ತೋರಸ್ತದ. ನಂಗ ಸಬೂತ್ ಬೇಕು, ಅಷ್ಟೇ."

ಆ ದಿನ ವಾದ ಅಲ್ಲಿಗೇ ಬಿಟ್ಟು ಚಹಾ ಮುಗಿಸಿದೆ. ಮರುದಿನ ಮತ್ತೆ ಶುರು ಮಾಡಿದೆ, ಅದು ಬೇರೆ.

ಇಷ್ಟೆಲ್ಲ ವಾದಿಸಿದರೂ ಯಂತ್ರದ ಬಗ್ಗೆ ನನ್ನ ನಿಜವಾದ ತಕರಾರನ್ನು ಭಾಯಿಗೂ ಹೇಳಿರಲಿಲ್ಲ. ಹೇಳಿದರೆ ನಗುತ್ತಾನೆ ಎಂದು ಅಂಜಿಕೆ. ತಕರಾರು ನನ್ನ ಮಧ್ಯಾಹ್ನದ ಊಟದ್ದು.

ಡಾಬಕಾಕ್ಕೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಊರು. ಅಲ್ಲಿ ನನ್ನ ಅಕ್ಕನ ಮನೆ. ನಮ್ಮ ಅವ್ವ ಹೊಲ, ಕೂಲಿ ಎಂದು ಹೊರಗೇ ಇರುತ್ತಿದ್ದಳು; ನನಗೆ ಉಣಿಸಿದ್ದು, ತೊಳೆದದ್ದು, ಹೊಡೆದದ್ದು ಎಲ್ಲ ಅಕ್ಕನೇ. ನಾನು ಇನ್ನೂ ಚಡ್ಡಿಯಲ್ಲಿ ಸಾಲೆಗೆ ಹೋಗುತ್ತಿದ್ದಾಗ ಅವಳ ಮದುವೆಯಾಯಿತು. ಆಮೇಲೆ ಅವಳು ಪಂಚಮಿಗೆ ಸಿಗುವ ಅಕ್ಕ. ನಾನು ಹೋಗಿ ಕರೆದುಕೊಂಡು ಬರುವುದು, ಉಂಡಿ ತಿನ್ನುವುದು, ಜೋಕಾಲಿ ಆಡುವುದು, ಕಳಿಸಿಕೊಡುವುದು. ಅಪ್ಪ ಅವ್ವ ಹೋದ ಮೇಲೆ ಅದೂ ತಪ್ಪುತ್ತ ಬಂತು. ನಾನು ಬೀದರಿಗೆ ಬಂದೆ; ಬಾಡಿಗೆ ಮನೆ, ಹೆಂಡತಿ, ಮಕ್ಕಳು, ಇಎಂಐ. ಅಕ್ಕ ಇದ್ದಾಳೆ ಎಂಬುದು ಮದುವೆ ಪತ್ರಿಕೆ ಹಂಚುವಾಗ ನೆನಪಾಗುವ ವಿಷಯವಾಯಿತು.

ಅಂಥದರಲ್ಲಿ ಕಂಪನಿ ನನಗೆ ಔರಾದ ಮಾರ್ಗ ಕೊಟ್ಟಿತು. ಬೇರೆ ಯಾರೂ ಒಪ್ಪಿರಲಿಲ್ಲ. ಮಳೆಗಾಲದಲ್ಲಿ ಆ ಕರಿ ಮಣ್ಣು ಗಾಲಿಯನ್ನು ಹಿಡಿದರೆ ಬಿಡುವುದಿಲ್ಲ. ನಾನು ಮುಖ ಊದಿಸಿಕೊಂಡೇ ಹೋದೆ. ಮೊದಲ ದಿನ ಮಧ್ಯಾಹ್ನ ಅಕ್ಕನ ಮನೆಯ ಮುಂದೆ ಗಾಡಿ ನಿಲ್ಲಿಸಿದಾಗ ಅವಳು ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ನನ್ನನ್ನು ನೋಡಿ ಏಳಲಿಲ್ಲ. ಒಳಗೆ ರೊಟ್ಟಿ ಇದೆ, ಹಾಕಿಕೊಂಡು ತಿನ್ನು ಎಂದಳು, ನಿನ್ನೆಯೂ ಬಂದು ಹೋದವನಿಗೆ ಹೇಳುವ ಹಾಗೆ.

ಅಂದಿನಿಂದ ದಿನವೂ ಅಲ್ಲೇ ಊಟ. ಏನಿದ್ದರೆ ಅದು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮನೆಯವರೆಲ್ಲ ಉಂಡು ಮಿಕ್ಕ ಬೇಳೆ. ಅವಳು ನನ್ನ ಕಡೆ ಬೆನ್ನು ಮಾಡಿ ತನ್ನ ಕೆಲಸ ಮಾಡುತ್ತಲೇ ಕುರಿಗಳ ಬಗ್ಗೆ, ತನ್ನ ಗಂಡ ಅಂದರೆ ನನ್ನ ಮಾವನ ಬಗ್ಗೆ, ಸೊಸೆಯ ಬಗ್ಗೆ ದೂರು ಹೇಳುವಳು. ನನ್ನ ಹೊಟ್ಟೆ ಬಂದದ್ದಕ್ಕೆ ಬೈಯುವಳು, ಕೂದಲು ಉದುರಿದ್ದಕ್ಕೂ ಬೈಯುವಳು. ಇಷ್ಟು ವರ್ಷ ನನಗೆ ಏನು ಕಡಿಮೆ ಬಿದ್ದಿತ್ತು ಎಂಬುದು ಆ ಬೈಗಳು ಕೇಳಿದ ಮೇಲೆಯೇ ತಿಳಿದದ್ದು. ಸಂಬಳ ಸಾಲದು ಎಂದು ಈ ಕೆಲಸ ಬಿಡಲು ನಾನು ಎಂದೋ ತಯಾರಿದ್ದೆ. ಆ ಅರ್ಧ ಗಂಟೆಗಾಗಿ ಬಿಡಲಿಲ್ಲ. ಗಂಡಸು ಹೀಗೆ ಹೇಳಿಕೊಳ್ಳಬಾರದು ಅಂತಾರೆ. ನಾನು ಹೇಳಿಕೊಳ್ಳುತ್ತೇನೆ.

ಹಾಳೆಗೆ ಈ ಊಟ ಕಾಣುತ್ತಿರಲಿಲ್ಲ. ಯಂತ್ರಕ್ಕೆ ಮೊದಲ ದಿನವೇ ಕಂಡಿತು. ನಾನು ಎರಡನೇ ರೊಟ್ಟಿ ಮುರಿಯುತ್ತಿದ್ದೆ. ಅಂಗಳದಲ್ಲಿ ಗಾಡಿಯೊಳಗಿಂದ ಅದು ಕೀಂ ಕೀಂ ಎಂದು ಕಿರುಚಿಕೊಂಡಿತು. ಅಕ್ಕ ಒಳಗೆ ಯಾವುದೋ ಪ್ರಾಣಿ ಸಿಕ್ಕಿಕೊಂಡಿದೆ ಎಂದು ಕೋಲು ತೆಗೆದುಕೊಂಡು ಓಡಿದಳು. ನಾನು ಎಂಜಲು ಕೈಯಲ್ಲೇ ಹೋಗಿ ನೋಡಿದೆ. ವಾಹನ ನಿಂತಿದೆ, ಕಾರಣ ಆಯ್ಕೆ ಮಾಡಿ ಎಂದು ಪರದೆಯ ಮೇಲೆ ಬರೆದಿತ್ತು. ಕೆಳಗೆ ನಾಲ್ಕು ಕಾರಣಗಳು: ಪಂಕ್ಚರ್, ರಸ್ತೆ ಬಂದ್, ವಾಹನ ದುರಸ್ತಿ, ಗ್ರಾಹಕರಿಗಾಗಿ ನಿರೀಕ್ಷೆ. ನನ್ನ ಕಾರಣ ಆ ನಾಲ್ಕರಲ್ಲಿ ಇರಲಿಲ್ಲ. ಹಾಳೆಯಾಗಿದ್ದರೆ ಬೆರಳಗಲದ ಜಾಗದಲ್ಲಿ ಏನಾದರೂ ಗೀಚುತ್ತಿದ್ದೆ. ಮೇಲಿನದು ಕೈಗೆ ಹತ್ತಿರ ಎಂದು ಎಡಗೈಯ ಬೆರಳಿನಿಂದ ಪಂಕ್ಚರ್ ಒತ್ತಿದೆ. ಯಂತ್ರ ಸುಮ್ಮನಾಯಿತು. ನಾನು ಹೋಗಿ ರೊಟ್ಟಿ ಮುಗಿಸಿದೆ.

ಮರುದಿನವೂ ಪಂಕ್ಚರ್ ಆಯಿತು, ಅದರ ಮರುದಿನವೂ. ಮಳೆಯಿರಲಿ ಬಿಸಿಲಿರಲಿ, ಅದೇ ಊರು, ಅದೇ ಅಂಗಳ, ಅದೇ ಹೊತ್ತು. ಊಟ ಬೇಗ ಮುಗಿದ ದಿನ ಪಂಕ್ಚರೂ ಬೇಗ ಸರಿಹೋಗುತ್ತಿತ್ತು. ಮಾವ ಪೇಟೆಯಿಂದ ಬಾಳೆಹಣ್ಣು ತಂದ ದಿನ ಸ್ವಲ್ಪ ತಡವಾಗುತ್ತಿತ್ತು.

ಯಂತ್ರ ಇದನ್ನೆಲ್ಲ ಬೀದರಿಗೆ ಹೇಳುತ್ತಿತ್ತು, ಬೀದರು ಹೈದರಾಬಾದಿನ ದೊಡ್ಡ ಆಫೀಸಿಗೆ ಹೇಳುತ್ತಿತ್ತು. ಒಂದು ಸಂಜೆ ಮೇಡಮ್ ನನ್ನನ್ನು ಒಳಗೆ ಕರೆದರು. ಹುಮನಾಬಾದ ಕಡೆಯವರು, ವಯಸ್ಸಿನಲ್ಲಿ ನನಗಿಂತ ಬಹಳ ಸಣ್ಣವರು, ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಆ ಊರಿನ ರಸ್ತೆಯಲ್ಲಿ ಯಾರಾದರೂ ಮೊಳೆ ಹಾಕುತ್ತಿದ್ದಾರೇನು, ನಿಮಗೂ ಆ ಊರಿನವರಿಗೂ ಏನಾದರೂ ಹಗೆತನ ಇದೆಯೇನು ಎಂದು ಕೇಳಿದರು. ನಾನು ಹಗೆತನವೇನೂ ಇಲ್ಲ, ಒಳ್ಳೆಯ ಜನ ಎಂದೆ. ಅವರಿಗೆ ನನ್ನ ಮೇಲೆ ಮರುಕ ಬಂದದ್ದು ಮುಖದಲ್ಲಿ ಕಾಣುತ್ತಿತ್ತು. ದಿನವೂ ಬಿಸಿಲಲ್ಲಿ ಗಾಲಿ ಬಿಚ್ಚಿ ಹಾಕುತ್ತೀರಿ, ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲವಲ್ಲ ಎಂದರು. ಮರುವಾರ ನನ್ನ ಗಾಡಿಗೆ ನಾಲ್ಕೂ ಹೊಸ ಟಾಯರು ಬಂದವು, ಸ್ಟೆಪ್ನಿ ಬೇರೆ.

ಗೋದಾಮಿನ ಡ್ರೈವರುಗಳೆಲ್ಲ ಬಂದು ಟಾಯರುಗಳನ್ನು ಮುಟ್ಟಿ ನೋಡಿದರು. ಭಾಯಿ ಮುಟ್ಟಲಿಲ್ಲ. ಅವನ ಗಾಡಿಯ ಟಾಯರುಗಳು ಎಂದೋ ಸವೆದು ನುಣ್ಣಗಾಗಿದ್ದವು, ಯಂತ್ರದಲ್ಲಿ ಅವನು ಒಂದೇ ಒಂದು ಸುಳ್ಳೂ ಒತ್ತಿರಲಿಲ್ಲ.

"ನಾ ಖರೇ ಹೇಳಿ ಬೋಳು ಟಾಯರ್ ಮ್ಯಾಲ ತಿರಗ್ಲಕತ್ತೀನಿ," ಎಂದ. "ನಿಂದು ಯಾವ ನಮೂನಿ ಪಂಕ್ಚರ್ ಅದನೋ ಮಾರಾಯಾ, ನಂಗೂ ಸ್ವಲ್ಪ ಕಲಸು."

ಆಗಲಾದರೂ ಹೇಳಬಹುದಿತ್ತು. ಆ ಊರಲ್ಲಿ ಸ್ವಲ್ಪ ನಿಲ್ಲಬೇಕಾಗುತ್ತದೆ, ಏನೋ ಕೆಲಸ ಇರುತ್ತದೆ, ಯಂತ್ರ ಬಿಡುವುದಿಲ್ಲ ಎಂದಷ್ಟೇ ಹೇಳಿದೆ. ಭಾಯಿ ಒಳ್ಳೆಯ ಮನುಷ್ಯ, ಯಾವ ಕೆಲಸ ಎಂದು ಕೆದಕಲಿಲ್ಲ. ಹೊಸ ಟಾಯರು ಹಾಕಿಕೊಂಡು ಇನ್ನು ಪಂಕ್ಚರ್ ಒತ್ತಿದರೆ ಟಾಯರಿನ ಕಂಪನಿಯವರೇ ಬಂದು ನಿನ್ನನ್ನು ಕೇಳುತ್ತಾರೆ ಎಂದ. ಕೆಳಗಿನದು ಒತ್ತು, ಗ್ರಾಹಕರಿಗಾಗಿ ನಿರೀಕ್ಷೆ. ಆದರೆ ಅದನ್ನು ಒತ್ತಿದ ಮೇಲೆ ಅದೇ ಜಾಗದಲ್ಲಿ ಪಾರ್ಸಲ್ ಕೊಟ್ಟ ದಾಖಲೆ ಬೀಳಬೇಕು, ಇಲ್ಲದಿದ್ದರೆ ಕೆಂಪು ಗುರುತು ಬರುತ್ತದೆ ಎಂದು ವಿವರಿಸಿದ. ಯಂತ್ರದ ವಿಷಯ ಬಂದರೆ ಅವನು ಪಾಠ ಮಾಡುವುದರಲ್ಲಿ ಎತ್ತಿದ ಕೈ.

ಅಕ್ಕನ ಅಂಗಳದಲ್ಲಿ ಪಾರ್ಸಲ್ ಕೊಡುವುದು ಹೊಸದೇನಲ್ಲ. ಹಾಳೆಯ ಕಾಲದಲ್ಲಿ ಇಡೀ ಊರಿನ ಪಾರ್ಸಲುಗಳನ್ನು ಅವಳೇ ತೆಗೆದುಕೊಳ್ಳುತ್ತಿದ್ದಳು. ಎಲ್ಲರೂ ಹೊಲದಲ್ಲಿರುವ ಹೊತ್ತು; ಮನೆ ಮನೆ ತಿರುಗಿ ಬೀಗ ನೋಡುವುದಕ್ಕಿಂತ ಅಕ್ಕನ ಮುಂದೆ ರಟ್ಟು ಹಿಡಿದರೆ ಆಯಿತು. ದೊಡ್ಡವಳಾದ ಮೇಲೆ ರಾತ್ರಿ ಸಾಲೆಯಲ್ಲಿ ಸಹಿ ಕಲಿತವಳು; ನಾಲಿಗೆ ಹೊರಗೆ ಹಾಕಿ, ಒಂದೊಂದೇ ಅಕ್ಷರ ಮುಗ್ಗರಿಸದಂತೆ ಬರೆಯುವಳು. ಸಂಜೆ ಊರಿನವರು ಹೊಲದಿಂದ ಬರುವಾಗ ಅವಳ ಮನೆಗೆ ಬಂದು ತಂತಮ್ಮದು ಎತ್ತಿಕೊಂಡು ಹೋಗುವರು. ಆ ಊರಿನಲ್ಲಿ ಒಂದು ಪಾರ್ಸಲೂ ಕಳೆದದ್ದಿಲ್ಲ.

ಯಂತ್ರಕ್ಕೆ ಅಕ್ಕನ ಸಹಿ ಬೇಡ. ಅದಕ್ಕೆ ಯಾರ ಪಾರ್ಸಲೋ ಅವರದೇ ಮೊಬೈಲಿಗೆ ಬಂದ ಓಟಿಪಿ ಬೇಕು. ಹೀಗಾಗಿ ನಾನು ಬರುವ ಹೊತ್ತಿಗೆ ಜನರೇ ಅಕ್ಕನ ಮನೆಗೆ ಬರುವುದು ರೂಢಿಯಾಯಿತು. ಊರಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದು ಅವಳ ಮಾಳಿಗೆಯ ಮೇಲೆ ಮಾತ್ರ. ಜನ ಏಣಿ ಹತ್ತಿ ಮೇಲೆ ನಿಂತು ಮೊಬೈಲನ್ನು ಆಕಾಶಕ್ಕೆ ಹಿಡಿಯುವರು, ಓಟಿಪಿ ಬಂದ ಕೂಡಲೇ ಮೇಲಿನಿಂದಲೇ ಕೂಗುವರು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬಲಗೈಯಿಂದ ಉಣ್ಣುತ್ತ ಎಡಗೈಯಿಂದ ಅಂಕಿ ಒತ್ತುತ್ತಿದ್ದೆ. ಪರದೆಯ ಮೇಲೆ ಗ್ರಾಹಕರಿಗಾಗಿ ನಿರೀಕ್ಷೆ ಎಂದಿರುತ್ತಿತ್ತು. ಅಂಗಳದಲ್ಲಿ ಗ್ರಾಹಕರು ನನ್ನ ಊಟ ಮುಗಿಯಲಿ ಎಂದು ನಿರೀಕ್ಷಿಸುತ್ತಿದ್ದರು. ಅಕ್ಕ ಅವರಿಗೂ ಇಷ್ಟು ಮಜ್ಜಿಗೆ ಕೊಡುತ್ತಿದ್ದಳು.

ಸುತ್ತಲಿನ ಊರಿನವರೂ ಬರತೊಡಗಿದರು. ನನ್ನ ದಾಖಲೆ ಎಷ್ಟು ಸ್ವಚ್ಛವಾಯಿತೆಂದರೆ ಹೈದರಾಬಾದಿನವರಿಗೆ ಅನುಮಾನ ಬರಬೇಕಿತ್ತು, ಹೆಮ್ಮೆ ಬಂತು. ವಾಪಸ್ಸು ಬರುವ ಪಾರ್ಸಲೇ ಇಲ್ಲದ ಮಾರ್ಗ ಎಂದು ನನ್ನ ಮಾರ್ಗದ ಹೆಸರು ಎಲ್ಲ ಕಡೆ ಹೋಯಿತಂತೆ. ಆ ಅಂಗಳವನ್ನೇ ಕಂಪನಿಯ ಪಾರ್ಸಲ್ ಕೇಂದ್ರ ಮಾಡಿಬಿಡಿ ಎಂದು ಅಲ್ಲಿಂದ ಅಪ್ಪಣೆ ಬಂತು. ಅಕ್ಕನಿಗೂ ಒಂದು ಸ್ಕ್ಯಾನರ್, ಗೋಡೆಗೆ ಒಂದು ಫಲಕ, ಅವಳಿಗೆ ತಿಂಗಳಿಗೆ ಇಷ್ಟು ಎಂದು ಕಮಿಷನ್ನು. ಮೇಡಮ್ ಇದನ್ನು ಹೇಳಿದಾಗ ನನಗೆ ಆದ ಸಂತೋಷಕ್ಕೆ ಪಾರವಿಲ್ಲ. ಇನ್ನು ಸುಳ್ಳು ಒತ್ತುವುದು ಬೇಡ. ಅಕ್ಕನ ಮನೆಯಲ್ಲಿ ನಿಲ್ಲುವುದೇ ನನ್ನ ಡ್ಯೂಟಿ. ಆ ದಿನ ಬೆಳಿಗ್ಗೆ ಭಾಯಿಯ ಮುಂದೆ ಯಂತ್ರವೂ ಕೆಟ್ಟದ್ದೇನಲ್ಲ ಬಿಡು ಎಂದೆ. ಅವನು ಚಹಾದ ಲೋಟ ಕೆಳಗಿಟ್ಟು ನನ್ನ ಹಣೆ ಮುಟ್ಟಿ ನೋಡಿದ.

ಅಕ್ಕನನ್ನು ನೋಂದಾಯಿಸಲು ಮೇಡಮ್ ಅವರೇ ನನ್ನ ಗಾಡಿಯಲ್ಲಿ ಬಂದರು. ಅಕ್ಕ ಇಳಕಲ್ ಸೀರೆ ಉಟ್ಟು, ತಲೆತುಂಬ ಸೆರಗು ಹೊದ್ದು, ಚಾಪೆಯ ಮೇಲೆ ಕೂತಳು. ಮೇಡಮ್ ತಮ್ಮ ಟ್ಯಾಬಿನಲ್ಲಿ ಒಂದೊಂದೇ ಪ್ರಶ್ನೆ ಓದಿ ತುಂಬುತ್ತ ಹೋದರು. ಮನೆ ಸ್ವಂತದ್ದೇ, ವಿದ್ಯುತ್ತು ಇದೆಯೇ, ಬಾಗಿಲಿಗೆ ಬೀಗ ಇದೆಯೇ. ನಾನು ಒಳಗೆ ಕೂತು ಉಣ್ಣುತ್ತ ಕೇಳುತ್ತಿದ್ದೆ. ಕೊನೆಯ ಪ್ರಶ್ನೆಯ ಹತ್ತಿರ ಮೇಡಮ್ ತಡೆದು ನಿಂತರು. ಈ ಮಾರ್ಗದ ಚಾಲಕರೊಂದಿಗೆ ಅರ್ಜಿದಾರರಿಗೆ ರಕ್ತಸಂಬಂಧ ಇದೆಯೇ?

ಆ ಹುಡುಗಿ ಜಾಣೆ. ಗಾಡಿಯಲ್ಲಿ ಬರುವಾಗಲೇ ನಾನು ಅಕ್ಕನ ಬಗ್ಗೆ ಬಾಯಿ ತುಂಬ ಹೇಳಿಕೊಂಡಿದ್ದೆ, ಆಗ ಸುಮ್ಮನೆ ಕೇಳಿದ್ದರು. ಈಗ ನನ್ನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಅಕ್ಕನಿಗೆ ಹೇಳಿದರು: "ಅಕ್ಕೋರೆ, ದೂರದ ಸಂಬಂಧ ಅಂತ ಬರಿಲೇನ್ರಿ? ದೂರಿಂದು ಇದ್ರ ನಡಿತದ್ರಿ."

ನಾನು ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು ಹ್ಞೂಂ ಅನ್ನು ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. ಅಕ್ಕ ನನ್ನ ಕಡೆ ನೋಡಲೇ ಇಲ್ಲ. ಅವಳ ಮುಖ ಕೆಂಪಗಾಗಿತ್ತು.

"ದೂರಿಂದ್ ಹ್ಯಾಂಗ್ ಆಗ್ತದ್ರಿ ಮೇಡಮ್ಮೋರೆ?" ಎಂದಳು. "ಒಂದೇ ಹೊಟ್ಟ್ಯಾಗ ಹುಟ್ಟೀವ್ರಿ. ಇವನಿಗಿ ಕಂಕಳಾಗ ಹೊತ್ತು ಊರೆಲ್ಲ ತಿರಗೀನಿ ನಾ. ದಿನಾ ನನ್ನ ಮನ್ಯಾಗ ಉಣ್ತಾನ. ಖಾಸ ತಮ್ಮ ಅಂತ ಬರೀರಿ. ದೊಡ್ಡದಾಗಿ ಬರೀರಿ."

ಮೇಡಮ್ ಇನ್ನೊಮ್ಮೆ ನನ್ನ ಕಡೆ ನೋಡಿದರು. ನಾನು ಏನನ್ನಬೇಕಿತ್ತು? ನನ್ನ ಅಕ್ಕ ಸುಳ್ಳು ಹೇಳುತ್ತಾಳೆ ಅನ್ನಬೇಕಿತ್ತೇ? ನಾನು ತುತ್ತು ಬಾಯಿಗೆ ಹಾಕಿಕೊಂಡೆ. ಮೇಡಮ್ ಹೌದು ಎಂಬುದನ್ನು ಒತ್ತಿದರು.

ನಿಯಮ ಸರಳವಾಗಿತ್ತು. ಕೇಂದ್ರದವರೂ ಚಾಲಕನೂ ರಕ್ತಸಂಬಂಧಿಗಳಾಗಿದ್ದರೆ ಇಬ್ಬರೂ ಸೇರಿ ಪಾರ್ಸಲ್ ನುಂಗಬಹುದು ಎಂದು ಹೈದರಾಬಾದಿನವರ ಲೆಕ್ಕ. ಕೇಂದ್ರವನ್ನು ಅಲ್ಲಿಂದ ಕದಲಿಸುವುದು ಕಷ್ಟ. ಮಾಳಿಗೆ ಅಲ್ಲಿದೆ, ನೆಟ್‌ವರ್ಕ್ ಅಲ್ಲಿದೆ. ಚಾಲಕನನ್ನು ಕದಲಿಸುವುದು ಸುಲಭ. ಮರುವಾರದಿಂದ ನನಗೆ ಭಾಲ್ಕಿ ಮಾರ್ಗ, ಭಾಯಿಗೆ ಔರಾದ ಮಾರ್ಗ. ಮೇಡಮ್ ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ನಿಮಗೆ ಇನ್ನು ಕರಿ ಮಣ್ಣಿನ ಕಾಟ ಇಲ್ಲ, ಒಳ್ಳೆಯ ರಸ್ತೆ ಎಂದು ಸಮಾಧಾನ ಹೇಳಿದರು. ಹೊಸ ಟಾಯರಿನ ಗಾಡಿ ಮಾರ್ಗದ ಜೊತೆಗೇ ಹೋಗುತ್ತದೆ ಎಂದೂ ಸೇರಿಸಿದರು. ಭಾಯಿಗೆ ಕಡೆಗೂ ಟಾಯರು ಸಿಕ್ಕವು.

ಭಾಲ್ಕಿ ದೊಡ್ಡ ಪೇಟೆ. ಜನ ಬಾಗಿಲಿಗೆ ಬಂದು ಓಟಿಪಿ ಹೇಳಿ ಬಾಗಿಲು ಹಾಕಿಕೊಳ್ಳುತ್ತಾರೆ. ಮೊದಲ ದಿನ ಮಧ್ಯಾಹ್ನ ಸಾಯಗಾಂವದ ಹತ್ತಿರ ರಸ್ತೆಬದಿಯ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಹೆಂಡತಿ ಕಟ್ಟಿಕೊಟ್ಟ ಡಬ್ಬಿ ಬಿಚ್ಚಿದೆ. ಯಂತ್ರ ಕಿರುಚಿತು. ಆ ಒಳ್ಳೆಯ ರಸ್ತೆಯ ಮೇಲೆ ಪಂಕ್ಚರ್ ಒತ್ತಿದೆ.

ಆ ಸಂಜೆ ಭಾಯಿ ನನಗಾಗಿ ಚಹಾದಂಗಡಿಯಲ್ಲಿ ಕಾಯುತ್ತಿದ್ದ. ಅವನ ಮುಖದ ಮೇಲೆ ಊಟ ಮಾಡಿದವನ ಕಳೆ ಇತ್ತು. ಅಕ್ಕ ಉಣಿಸದೆ ಬಿಡಲಿಲ್ಲವಂತೆ. ನನ್ನ ತಮ್ಮನ ಜೋಡಿದಾರ ಅಂದರೆ ನೀನೂ ತಮ್ಮನೇ ಎಂದಳಂತೆ. ಯಂತ್ರ ಬಾಯಿ ಮಾಡಲಿಲ್ಲವೇ ಎಂದು ಕೇಳಿದೆ.

"ಯಾಕ ಮಾಡ್ತದ? ಊಟದ ವಿರಾಮ ಒತ್ತಿದೆ. ಅರ್ಧಾ ತಾಸು ಕೊಡ್ತದಲ್ಲ."

ಯಾವ ವಿರಾಮ ಎಂದೆ. ಅವನು ನನ್ನದೇ ಯಂತ್ರ ತೆಗೆದುಕೊಂಡು, ಆ ನಾಲ್ಕು ಕಾರಣಗಳ ಮೇಲೆ ಬೆರಳಿಟ್ಟು ಮೆಲ್ಲಗೆ ಮೇಲಕ್ಕೆ ತಳ್ಳಿದ. ಪಟ್ಟಿ ಸರಿಯಿತು. ಕೆಳಗಿನಿಂದ ಇನ್ನೂ ಕಾರಣಗಳು ಮೇಲೆ ಬಂದವು: ಡೀಸೆಲ್, ಮಳೆ, ಪೊಲೀಸ್ ತಪಾಸಣೆ, ಅನಾರೋಗ್ಯ, ಎಲ್ಲಕ್ಕಿಂತ ಕೆಳಗೆ ಊಟದ ವಿರಾಮ. ಮೊದಲ ದಿನದಿಂದ ಅದು ಅಲ್ಲೇ ಇತ್ತು. ನಾನು ಹಾಳೆಯ ಮನುಷ್ಯ. ಕಣ್ಣಿಗೆ ಕಂಡಷ್ಟೇ ಹಾಳೆ, ಅದರ ಕೆಳಗೆ ಇನ್ನೇನೂ ಇರುವುದಿಲ್ಲ ಎಂದು ನಂಬಿ ಬೆಳೆದವನು. ಸ್ಕ್ಯಾನರ್ ಕಲಿಸಿದ ದಿನ ಇದನ್ನೂ ಹೇಳಿರಬೇಕು. ಆವತ್ತು ನಾನು ಹಿಂದಿನ ಸಾಲಿನಲ್ಲಿ ಕೂತು, ಸತ್ತ ಯಂತ್ರದ ಬಗ್ಗೆ ಪಕ್ಕದವನ ಕಿವಿಯಲ್ಲಿ ಜೋಕು ಹೇಳುತ್ತಿದ್ದೆ.

ಭಾಯಿ ನನ್ನ ಮುಖ ನೋಡಿದ. ಪಂಕ್ಚರ್, ಟಾಯರು, ಅಂಗಳ, ಕೇಂದ್ರ ಎಲ್ಲ ಅವನ ತಲೆಯೊಳಗೆ ಒಂದೊಂದಾಗಿ ಕೂಡುತ್ತಿದ್ದುದು ನನಗೆ ಕಾಣಿಸುತ್ತಿತ್ತು. ಅವನು ನಗುತ್ತಾನೆ ಎಂದು ನಾನು ಇಷ್ಟು ದಿನ ಹೆದರಿದ್ದೆ. ಅವನು ನಗಲಿಲ್ಲ. "ನೀ ಊಟಕ್ಕ ಅಂತ ನಂಗ ಹೇಳ್ಬೇಕಿತ್ತಪಾ," ಎಂದು ಮಾತ್ರ ಹೇಳಿ, ಚಹಾದ ದುಡ್ಡು ತಾನೇ ಕೊಟ್ಟ.

ಮೇಡಮ್ ಅವರನ್ನು ಕೇಳಿದೆ, ಇನ್ನೊಮ್ಮೆ ಬದಲಾಯಿಸಲು ಬರುತ್ತದೆಯೇ ಎಂದು. ಅವರು ಮೇಲಿನವರಿಗೆ ಬರೆದೂ ನೋಡಿದರು. ಒಮ್ಮೆ ಹೌದು ಎಂದು ಒತ್ತಿದ್ದನ್ನು ಅಳಿಸಲು ಬರುವುದಿಲ್ಲವಂತೆ.

ಮುಂದೆ ಒಂದು ಭಾನುವಾರ ರಜೆ ಸಿಕ್ಕಿತು. ಬೀದರಿನಿಂದ ಬಸ್ಸು ಹಿಡಿದು ಔರಾದಕ್ಕೆ ಹೋಗಿ, ಅಲ್ಲಿಂದ ಟಂಟಂ ಆಟೋದಲ್ಲಿ ಜನರ ನಡುವೆ ಮುದುಡಿ ಕೂತು ಅಕ್ಕನ ಊರಿಗೆ ಹೋದೆ. ಬರುತ್ತೇನೆ ಎಂದು ಹಿಂದಿನ ದಿನ ಫೋನು ಮಾಡಿದ್ದೆ; ಮಾಡಬಾರದಿತ್ತು. ಅಂಗಳ ಸಾರಿಸಿತ್ತು. ಹೊರಸಿನ ಮೇಲೆ ಪೆಟ್ಟಿಗೆಯಿಂದ ತೆಗೆದ ಹೂವಿನ ಚಾದರ ಹಾಸಿತ್ತು. ಮಾವ ಒಗೆದ ಧೋತರ ಉಟ್ಟು ಕುರಿಗಳನ್ನು ಬೇರೆಯವರಿಗೆ ಒಪ್ಪಿಸಿ ನನಗಾಗಿ ಮನೆಯಲ್ಲೇ ಉಳಿದಿದ್ದ. ಅಕ್ಕ ತಂಬಿಗೆಯಲ್ಲಿ ಕಾಲಿಗೆ ನೀರು ತಂದುಕೊಟ್ಟಳು. ನನ್ನ ಹೊಟ್ಟೆಯ ಬಗ್ಗೆ ಏನೂ ಅನ್ನಲಿಲ್ಲ. ಸೊರಗೀಯಲ್ಲೋ ತಮ್ಮಾ ಎಂದಳು.

ಉಣ್ಣಲು ಹೊಸ್ತಿಲಲ್ಲಿ ಅಲ್ಲ, ನಡುಮನೆಯಲ್ಲಿ ಮಣೆ ಹಾಕಿದಳು. ತಾಟಿನಲ್ಲಿ ಹೂರಣದ ಹೋಳಿಗೆ, ಅನ್ನ, ಕಟ್ಟಿನ ಸಾರು, ಹಪ್ಪಳ. ಬೆಳಗಾಗುವ ಮೊದಲೇ ಎದ್ದು ಬೇಳೆ ಬೇಯಿಸಿರಬೇಕು. ಅವಳು ಬೆನ್ನು ಮಾಡಿ ಕೂರಲಿಲ್ಲ. ಎದುರು ಕೂತು ಸೆರಗು ಸರಿ ಮಾಡಿಕೊಂಡು, ಮನೆಯವರು ಹೇಗಿದ್ದಾರೆ, ಮಕ್ಕಳ ಓದು ಹೇಗಿದೆ ಎಂದು ಒಂದೊಂದಾಗಿ ವಿಚಾರಿಸಿದಳು. ಸೊಸೆಯ ಮೇಲೆ ಒಂದು ದೂರೂ ಬರಲಿಲ್ಲ. ಒಲೆಯ ಹತ್ತಿರ ಮುಚ್ಚಿಟ್ಟ ಗಡಿಗೆಯಿಂದ ಪುಂಡಿ ಪಲ್ಯದ ಹುಳಿ ವಾಸನೆ ಬರುತ್ತಿತ್ತು. ನನಗೆ ಬೇಕಾಗಿದ್ದದ್ದು ಅದು. ಹೋಳಿಗೆ ಆಮೇಲೆ ತಿನ್ನುತ್ತೇನೆ, ನಿನ್ನೆಯ ಪುಂಡಿ ಪಲ್ಯ ಇದ್ದರೆ ಒಂದು ರೊಟ್ಟಿಯ ಮೇಲೆ ಹಾಕು ಎಂದೆ.

ಅಕ್ಕನಿಗೆ ನಾಚಿಕೆಯಾಯಿತು.

"ಬಂದ ಮನಿಷಾಗ ನಿನ್ನಿದು ಹ್ಯಾಂಗ ಹಾಕ್ಲೋ?" ಎಂದಳು. "ಅದು ನಾಳಿಗಿ ಭಾಯಿಗ ಇಟ್ಟೀನಿ. ಅಂವ ಮನಿ ಮನಿಷಾ ಅದಾನ, ಏನ್ ಹಾಕಿದ್ರೂ ಉಣ್ತಾನ. ನೀ ಹೋಳಿಗಿ ಉಣ್ಣು."

ಹೋಳಿಗೆಯ ಮೇಲೆ ತುಪ್ಪ ಸುರಿದಳು. ನಾನು ತಾಟಿನ ಮೇಲೆ ಕೈ ಅಡ್ಡ ಹಿಡಿದು ಸಾಕು ಸಾಕು ಎಂದೆ, ಬೀಗರು ಅನ್ನುವ ಹಾಗೆ.